ಸಾಮಾನಿಗೆ ಖೋಲಿ ಅದ, ಸಂಸಾರಕ್ಕ ಇಲ್ಲ

ಹೋದ ತಿಂಗಳ ಒಂದಿನ ಮುಂಜಾನೆ ಚಹಾ ಕುಡೀಲಿಕ್ಕೆ ಕೂತಿದ್ವಿ, ಬಾಗಲದ ಸಂದಿಯಿಂದ ಒಂದು ಲಕೋಟಿ ಬಿತ್ತು. ಕೌನ್ಸಿಲ್ಲಿಂದ ಬಂದದ್ದು. ಕೌನ್ಸಿಲ್ ಅಂದ್ರ ನಮ್ಮ ಕಡೆ ಮುನ್ಸಿಪಾಲ್ಟಿ ಇದ್ದಂಗ. ಆದ್ರ ಇಲ್ಲೆ ಇಂಗ್ಲೆಂಡಿನ್ಯಾಗ ಅದು ಕಸಾ ಒಯ್ಯೂದರ ಜೋಡಿ, ಕಡಿಮಿ ಗಳಿಕಿ ಇದ್ದವರಿಗೆ ಮನಿ ಕೊಡೂ ಕೆಲಸಾನೂ ನೋಡಿಕೊಳ್ತದ. ನಿಮ್ಮ ಮನಿ ಹಿಂದಿನ ಗ್ಯಾರೇಜ್ ಕೆಡವಿ ಅಲ್ಲೆ ಕಡಿಮಿ ಬಾಡಿಗಿ ಮನಿ ಕಟ್ಟೂ ವಿಚಾರ ಅದ, ನಿಮ್ಮ ಅಭಿಪ್ರಾಯ ತಿಳಸ್ರಿ ಅಂತ ಬರದಿದ್ರು.

ನಮ್ಮನ್ಯಾವರು ಕನ್ನಡಕ ಹಾಕ್ಕೊಂಡು ಎರಡು ಸರ್ತಿ ಓದಿದ್ರು. ಆಮ್ಯಾಲೆ "ಗ್ಯಾರೇಜಿನ ಕೀಲಿ ಎಲ್ಲೆ ಅದ?" ಅಂದ್ರು. ಖರೇ ಹೇಳ್ತೀನಿ, ಆ ಕೀಲಿ ಹುಡುಕಲಿಕ್ಕೆ ನಂಗ ಅರ್ಧ ತಾಸು ಹಿಡೀತು. ಸಾಸವಿ ಡಬ್ಬಿ ಹಿಂದ ಸಿಕ್ತು. ಎರಡು ವರ್ಷದಿಂದ ನಾವು ಆ ಬಾಗಲಾ ತಗದಿದ್ದಿಲ್ಲ. ಬಾಡಿಗಿ ಮಾತ್ರ ತಪ್ಪದ ಕಟ್ಟಲಿಕತ್ತೇವಿ. ನಾವು ಕೌನ್ಸಿಲ್ ಮನಿಯೊಳಗ ಬಾಡಿಗಿಗೆ ಇರೋರಲ್ಲ ಅಂತ ಅದರ ಮ್ಯಾಲೆ ನೂರಕ್ಕ 20 ವ್ಯಾಟ್ ಬ್ಯಾರೆ.

ಊರಾಗ ಇರೋ ನಮ್ಮ ಮಂದಿಗೆ ಈ ಗ್ಯಾರೇಜ್ ಅಂದ್ರ ಏನು ಅಂತ ಹೇಳಬೇಕು. ಗಾಡಿ ರಿಪೇರಿ ಮಾಡೂ ಗ್ಯಾರೇಜ್ ಅಲ್ರಿ. ದೊಡ್ಡ ಯುದ್ಧ ಮುಗದ ಮ್ಯಾಲೆ, 1950ರಿಂದ 1970ರ ದಶಕದ ತನಕ, ಕೌನ್ಸಿಲ್‌ಗಳು ಇಲ್ಲೆ ಸಾಲಸಾಲಾಗಿ ಮನಿ ಕಟ್ಟಿದ್ವು. ಮನಿಗಳ ಬೆನ್ನಿಗೆ ಒಂದು ಡಾಂಬರಿನ ಅಂಗಳಾ, ಅದರ ಎರಡೂ ಬಾಜು ಎತ್ತಿ ತಗಿಯೋ ತಗಡಿನ ಬಾಗಲದ ಗೂಡುಗಳು. ಆಗಿನ ಕಾರು ಸಣ್ಣವು, ಗೂಡೂ ಸಣ್ಣವು. ಸುಮಾರು 8 ಫೂಟ್ ಅಗಲ, 16 ಫೂಟ್ ಉದ್ದ. ಈಗಿನ ಕಾರು ಒಳಗೇನೋ ಹೋಗ್ತದ, ಬಾಗಲಾ ತಗದು ಇಳೀಲಿಕ್ಕೆ ಬರೂದಿಲ್ಲ. ಭಾಳ ಕಡೆ ಮ್ಯಾಲಿನ ಚಾವಣಿ ಆಸ್ಬೆಸ್ಟಾಸ್ ಸಿಮೆಂಟಿಂದು. ಈ ದೇಶದಾಗ 1999ಕ್ಕ ಅದನ್ನ ಪೂರಾ ಬಂದ್ ಮಾಡ್ಯಾರ, ಆದ್ರ ಹಳೇ ಚಾವಣಿ ಹಂಗ ಕೂತಾವ. ನಮ್ಮ ಹಿಂದ ಇಂಥಾ 18 ಗ್ಯಾರೇಜ್ ಅವ. ಅದರಾಗ 11ನೇದು ನಮ್ಮದು.

ಬಾಗಲಾ ಎತ್ತಿದ್ವಿ. ಒಳಗ ಏನಿತ್ತು ಅಂತೀರಿ? ಮಗಳು ಏಳನೇ ವರ್ಷಕ್ಕ ಹೊಡೀತಿದ್ದ ಸೈಕಲ್ಲು. ಅತ್ತಿಯವರು ಧಾರವಾಡದಿಂದ ತಂದಿದ್ದ ಶ್ಯಾವಿಗಿ ಒತ್ತು. ಗಾಲಿ ಮುರದ ಎರಡು ಸೂಟ್‌ಕೇಸು. ಡಬ್ಬಿಯಂಥಾ ಹಳೇ ಟಿವಿ. ಹೋದ ಯಾವದೋ ವರ್ಷದ ಗಣಪತಿ ಮಂಟಪದ ಥರ್ಮಾಕೋಲು. ಒಂದು ಇಲಿ ಅದರಾಗ ಬಾಣಂತನಾ ಮುಗಿಸಿಕೊಂಡು ಹೋಗಿತ್ತು.

ಇಷ್ಟ ಇದ್ರೂ ಗ್ಯಾರೇಜ್ ಹೋಗ್ತದ ಅಂತ ಓದಿದ ಕೂಡ್ಲೇ ನನ್ನ ಹೊಟ್ಟಿಯೊಳಗ ಒಂದಿಷ್ಟು ಕಲಕಿದಂಗಾತು. ನಮ್ಮದು ಅಂತ ಇದ್ದದ್ದನ್ನ ಯಾರೋ ಕಸಗೊಳ್ಳಲಿಕತ್ತಾರ ಅನ್ನೂ ಸಿಟ್ಟು. ಆ ವಾರದಾಗನ ಎದರ ಮನಿ ಯಜಮಾನ್ರು ಒಂದು ಹಾಳಿ ಹಿಡಕೊಂಡು ಬಂದ್ರು. ಇದನ್ನ ನಿಲ್ಲಸಬೇಕು, ಸಹಿ ಹಾಕ್ರಿ ಅಂದ್ರು. ಹಾಳಿ ತುಂಬ ಕಾರಣ ಬರದಿತ್ತು. ಗಾಡಿ ನಿಲ್ಲಸಲಿಕ್ಕೆ ಜಾಗಾ ಹೋಗ್ತದ. ಒಳಗ ಹೋಗೂ ಓಣಿ ಸಣ್ಣದು. ಹಿತ್ತಲಕ್ಕ ಬಿಸಲು ಬೀಳಂಗಿಲ್ಲ. ಮ್ಯಾಲಿನ ಕಿಡಕಿಯಿಂದ ನಮ್ಮ ಅಡಗಿಮನಿ ಕಾಣ್ತದ. ಮನಿ ಬೆಲಿ ಇಳೀತದ. ಕಡೀಕ ಒಂದು ಸಾಲು: ಎಂಥಾ ಮಂದಿ ಬರ್ತಾರೋ ಏನೋ. ನಾ ಓದಿ, ಸಹಿ ಹಾಕಿ ಕೊಟ್ಟೆ. ನಂದು 14ನೇ ಸಹಿ. ಅರ್ಧಾ ನೆರೆಹೊರಿ ಮುಖಾ ಮುರೀಬಾರದು ಅಂತ, ಅರ್ಧಾ ಶ್ಯಾವಿಗಿ ಒತ್ತಿನ ಸಲುವಾಗಿ.

ಆ ಸಹಿ ಬಗ್ಗೆನ ಇವತ್ತು ಬರೀಲಿಕತ್ತೀನಿ.

ನಮ್ಮ ಓಣಿ ಮೂಲಿಮನಿಯೊಳಗ ಒಬ್ಬರು ಅಜ್ಜಿ ಇದ್ದಾರ. ಎಂಬತ್ತು ದಾಟ್ಯಾವ. ಗಂಡ ಹೋಗಿ ಆರು ವರ್ಷ ಆತು. ನಾ ಚಪಾತಿ ಕೊಟ್ರ ಅವರು ಹಿತ್ತಲದಾಗಿನ ರುಬಾರ್ಬ್ ಕೊಡ್ತಾರ, ಇದು ಭಾಳ ವರ್ಷದಿಂದ ನಡದು ಬಂದ ಲೆಕ್ಕ. ಅವರ ಮೊಮ್ಮಗಳಿಗೆ ಎರಡು ಮಕ್ಕಳು. ಬಾಡಿಗಿ ಮನಿ ಮಾಲಕರು ಮನಿ ಮಾರ್ತೀನಿ ಅಂತ ಬಿಡಿಸಿದ್ರು. ಅಕಿ ಗಳಿಕಿಯೊಳಗ ಇನ್ನೊಂದು ಮನಿ ಸಿಗಲಿಲ್ಲ. ಕೌನ್ಸಿಲ್‌ದವರು ತಾತ್ಪೂರ್ತಿಕ ಅಂತ ಒಂದು ಹೋಟೆಲ್ ಖೋಲಿಯೊಳಗ ಇಟ್ರು. ಮಕ್ಕಳು ಇರೋ ಸಂಸಾರವನ್ನ ಇಂಥಾ ಹೋಟೆಲ್ ಖೋಲಿಯೊಳಗ ಆರು ವಾರಕ್ಕಿಂತ ಹೆಚ್ಚು ಇಡಬಾರದು ಅಂತ ಇಲ್ಲೆ 2003ರಿಂದ ಆದೇಶ ಅದ. ಅಕಿದು ಹತ್ತನೇ ವಾರ ನಡದಿತ್ತು.

ಅಜ್ಜಿ ಒಬ್ಬರ ಬಸ್ಸಿನ್ಯಾಗ ಹೋಗಲಾರದ್ದಕ್ಕ ನಾನೂ ಜೋಡಿ ಹೋದೆ. ಬರಿಗೈಲೆ ಹೆಂಗ ಹೋಗೂದು, ಖಾರ ಹಾಕಲಾರದ ಬ್ಯಾಳಿ-ಅನ್ನ ಒಂದು ಡಬ್ಬಿ ತುಂಬಿಕೊಂಡೆ. ಎರಡು ಮಂಚ, ಒಂದು ಕೆಟಲ್, ಒಂದು ಕಿಡಕಿ. ಅಷ್ಟ ಆ ಖೋಲಿ. ಒಲಿ ಇಲ್ಲ. ಕಟ್ಟಿ ಇಲ್ಲ. ಮಕ್ಕಳು ಮಂಚದ ಮ್ಯಾಲೆ ಕೂತು ಉಂಡ್ರು, ಅದ ಮಂಚದ ಮ್ಯಾಲೆ ಶಾಲಿ ಪುಸ್ತಕಾ ಇದ್ವು. ಉಂಡ ಮ್ಯಾಲೆ ಆ ಹುಡುಗಿ, ಅಂದ್ರ ಅವರ ತಾಯಿ, "ಡಬ್ಬಿ ತೊಳದು ಕೊಡ್ತೀನಿ" ಅಂತ ಎದ್ಲು. ಬಚ್ಚಲದ ಬೇಸಿನ್ನಿನ್ಯಾಗ, ಹಲ್ಲಿನ ಬ್ರಶ್‌ಗಳ ಬಾಜು ಹಿಡದು ತೊಳದ್ಲು. ಹತ್ತು ವಾರದಿಂದ ಭಾಂಡೆ ತೊಳ್ಯೂ ಜಾಗಾ ಅದ ಅಂತ. ನಾ ಮೂವತ್ತು ವರ್ಷ ಅಡಗಿಮನಿಯೊಳಗ ನಿಂತ ಹೆಣಮಗಳು. ಒಂದೊಂದು ದಿನಾ ಈ ಒಲಿ ಮುಂದ ನಿಂತು ಸಾಕಾತವ್ವಾ ಅಂದದ್ದೂ ಅದ. ಒಲಿ ಇಲ್ಲದ ತಾಯಿ ಎಲ್ಲೆ ನಿಂದರಬೇಕು, ಅದನ್ನ ನಾ ಯಾವತ್ತೂ ವಿಚಾರ ಮಾಡಿದ್ದಿಲ್ಲ.

ತಿರುಗಿ ಬರೋ ಬಸ್ಸಿನ್ಯಾಗ ಅಜ್ಜಿ ಒಂದು ಮಾತು ಹೇಳಿದ್ರು. ಆ ಹಾಳಿ ಮ್ಯಾಲೆ ತಮ್ಮ ಸಹಿನೂ ಅದ ಅಂತ. ನಾ ಗಾಬರಿಯಾಗಿ ಯಾಕ ಅಂತ ಕೇಳಿದೆ. ಅವರಿಗೆ ಈಗ ನಡೀಲಿಕ್ಕೆ ಆಗೂದಿಲ್ಲ, ಬ್ಯಾಟರಿ ಮ್ಯಾಲೆ ನಡಿಯೋ ಸ್ಕೂಟರ್ ಒಂದು ಅದ. ಮನಿ ಮುಂದ ಮೂರು ಪಾವಟಿಗಿ. ಹಿಂದಿನ ಬಾಗಲಾ ಗ್ಯಾರೇಜಿನ ಅಂಗಳಕ್ಕ ತಗೀತದ, ಸ್ಕೂಟರ್ ಹೊರಗ ಬರಲಿಕ್ಕೆ ಅದೊಂದ ಹಾದಿ. ಅಲ್ಲೆ ಗ್ವಾಡಿ ಎದ್ರ ಅಜ್ಜಿ ಮನಿಯೊಳಗ ಬಂಧಿ. ಮೊಮ್ಮಗಳಿಗೆ ಮನಿ ಬೇಕು, ತಮಗ ಹಾದಿ ಬೇಕು. ಎರಡೂ ಒಂದ ಅಂಗಳದಾಗ ಅವ.

ಆ ದಿನಾ ನಂಗ ತಿಳೀತು, ಆ ಹಾಳಿಯೊಳಗ ಅಕ್ಕಿ ಮತ್ತ ಹಳ್ಳು ಎರಡೂ ಕೂಡೇ ಕೂತಾವ. ಹಳ್ಳು ಅವ ಅಂತ ಅಕ್ಕಿ ಚೆಲ್ಲಬಾರದು, ಅಕ್ಕಿ ಅದ ಅಂತ ಹಳ್ಳೂ ನುಂಗಬಾರದು. ಮರ್ದಿನದಿಂದ ಹಸನ ಮಾಡಲಿಕ್ಕೆ ಕೂತೆ.

ಮೊದಲ ಎಣಿಸಿದೆ. ನಮ್ಮ ಅಡಗಿಮನಿ ಕಿಡಕಿಯಿಂದ ಅಂಗಳಾ ಪೂರಾ ಕಾಣ್ತದ. ಒಂದು ವಾರ ಭಾಂಡೆ ತೊಳಕೋತ ನೋಡಿದೆ. 18 ಗ್ಯಾರೇಜಿನ ಪೈಕಿ ಕಾರು ಒಳಗ-ಹೊರಗ ಆಡಿದ್ದು ಎರಡು. ಮೂರರ ಬಾಗಲಾ ಜಂಗ್ ತಿಂದು ಎಂದೋ ಕೆಟ್ಟಾವ. ಉಳದದ್ದೆಲ್ಲಾ ನಮ್ಮಂಗ, ಸಾಮಾನಿನ ಖೋಲಿ.

ಆಮ್ಯಾಲೆ ಅಳತಿ ಹಾಕಿದೆ. ಒಂದು ಗ್ಯಾರೇಜ್ 128 ಚದರ ಫೂಟ್. ಇಂಗ್ಲೆಂಡಿನ್ಯಾಗ 2015ರೊಳಗ ಹೊಸಾ ಮನಿಗೊಂದು ಅಳತಿ ಗೊತ್ತು ಮಾಡ್ಯಾರ, ಒಬ್ಬರ ಇರೋ ಮನಿ ಕಡಿಮಿ ಅಂದ್ರ 39 ಚದರ ಮೀಟರ್ ಇರಬೇಕು, ಅಂದ್ರ ಸುಮಾರು 420 ಚದರ ಫೂಟ್. ಮೂರು ಗ್ಯಾರೇಜಿಗಿಂತ ಚೂರು ಹೆಚ್ಚು, ಅಷ್ಟ. ಮೂರು ಮನಿಯವರ ಮುರಕಾ ಸೈಕಲ್ಲು, ಸೂಟ್‌ಕೇಸು ಇಟ್ಟ ಜಾಗಾದಾಗ ಒಬ್ಬ ಮನಶ್ಯಾ ಬಾಗಲಾ ಹಾಕ್ಕೊಂಡು ನಿದ್ದಿ ಮಾಡಬಹುದು.

ಇಂಗ್ಲೆಂಡಿನ ಕೌನ್ಸಿಲ್ ಮನಿಗಳ ಸಲುವಾಗಿ ಸಾಲಿನ್ಯಾಗ ನಿಂತ ಸಂಸಾರ 13 ಲಕ್ಷದ ಆಜೂಬಾಜೂ ಅವ. ಹೋಟೆಲ್ಲು, ಹಾಸ್ಟೆಲ್ಲು, ತಾತ್ಪೂರ್ತಿಕ ಮನಿ ಅಂತ ದಿನಾ ದೂಡೋ ಸಂಸಾರ 1 ಲಕ್ಷದ ಮ್ಯಾಲೆ. ನಮ್ಮ ಹಿಂದ ಐದು ಮನಿ ಕಟ್ಟಿದ್ರ ಈ ಸಾಲು ಕರಗ್ತದ ಏನು? ಇಲ್ಲ. ಬಂದ್ ಬಿದ್ದ ಕಾರಖಾನಿ ಜಾಗಾದಾಗ ದೊಡ್ಡ ದೊಡ್ಡ ವಸ್ತಿ ಕಟ್ರಿ ಅಂತ ಎದರ ಮನಿಯವರು ಹೇಳೂದೂ ಖರೇನ. ಅಲ್ಲೂ ಕಟ್ಟಲಿ. ಆದ್ರ ಅವು ಏಳಲಿಕ್ಕೆ ವರ್ಷಗಟ್ಟಲೆ ಬೇಕು, ಮತ್ತ ಭಾಳ ಸರ್ತಿ ಊರ ಹೊರಗ ಇರ್ತಾವ. ಅಜ್ಜಿ ಮೊಮ್ಮಗಳ ಮಕ್ಕಳ ಶಾಲಿ ನಮ್ಮ ಓಣಿಯಿಂದ ಐದು ನಿಮಿಷ. ಹೋಟೆಲ್ಲಿನಿಂದ ಎರಡು ಬಸ್ ಬದಲಿಸಿ ಬರ್ತಾವ ಆ ಕೂಸುಗಳು. ಐದು ಮನಿ ಅಂದ್ರ ಲೆಕ್ಕಕ್ಕ ಸಣ್ಣದು, ಇರೋ ಐದು ಸಂಸಾರಕ್ಕ ಸಣ್ಣದಲ್ಲ.

ಇನ್ನ ನನ್ನ ಬಾಯಿ ಮುಚ್ಚಿಸಿದ ಮಾತು ಬ್ಯಾರೇನ ಅದ. ನಾವು ಇರೋ ಮನಿನೂ ಒಂದು ಕಾಲಕ್ಕ ಕೌನ್ಸಿಲ್ ಮನಿ. 1980ರೊಳಗ ಥ್ಯಾಚರ್ ಬಾಯಿ ಸರಕಾರ ಒಂದು ಕಾಯ್ದೆ ತಂತು, ಬಾಡಿಗಿಗೆ ಇದ್ದವರು ತಾವಿದ್ದ ಕೌನ್ಸಿಲ್ ಮನಿ ಖರೀದಿ ಮಾಡಬಹುದು ಅಂತ, ಅದೂ ಶುರುವಿನ್ಯಾಗ ಬೆಲಿಯೊಳಗ ಅರ್ಧದ ತನಕ ಸೂಟು ಕೊಟ್ಟು. ಅಲ್ಲಿಂದ ಇಲ್ಲಿತನಕ ಇಂಗ್ಲೆಂಡಿನ್ಯಾಗ ಹಂಗ ಮಾರಿದ ಮನಿ ಸುಮಾರು 20 ಲಕ್ಷ. ಕೊಂಡವರಿಗೆ ಛಲೋ ಆತು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಮಾರಿದಷ್ಟು ಮನಿ ತಿರುಗಿ ಕಟ್ಟಲಿಲ್ಲ. 2024ರ ನವೆಂಬರಿನ್ಯಾಗ ಆ ಸೂಟು ಭಾಳ ಕಡಿಮಿ ಮಾಡಿದ್ರು, ಅಷ್ಟರೊಳಗ ಕಣಜಾ ಖಾಲಿ ಆಗಿತ್ತು. ಹಂಗ ಕೊಂಡ ಒಂದು ಸಂಸಾರದವರ ಕಡೆಯಿಂದ ನಾವು 2001ರೊಳಗ ಈ ಮನಿ ಕೊಂಡ್ವಿ. ಮನಿ ಗ್ವಾಡಿಗೆ ನಮ್ಮ ಹೆಸರು ಇದ್ರೂ ಅದರ ಅಡಿಪಾಯ ಎಲ್ಲಾರದೂ ಆಗಿದ್ದ ರೊಕ್ಕದಾಗ ಎದ್ದದ್ದು. ಇಂಥಾ ಮನಿಯೊಳಗ ಕೂತು, ಹಿಂದ ಐದು ಮನಿ ಬ್ಯಾಡ ಅಂತ ಸಹಿ ಹಾಕೂದು ನಂಗ ಶೋಭಿಸೂದಿಲ್ಲ.

ಹಂಗಂತ ಕೌನ್ಸಿಲ್‌ದವರು ಹೇಳಿದ್ದಕ್ಕೆಲ್ಲಾ ತಲಿ ಅಲ್ಲಾಡಸಬೇಕು ಅಂತ ನಾ ಹೇಳಂಗಿಲ್ಲ. ಹಸನ ಮಾಡಿದ ಮ್ಯಾಲೆ ಉಳದ ಅಕ್ಕಿ ಇಷ್ಟು.

ಒಂದನೇದು, ಗಾಡಿ. ನಮ್ಮ ಓಣಿಯೊಳಗ ಸಂಜಿ ಆರರ ಮ್ಯಾಲೆ ಗಾಡಿ ನಿಲ್ಲಸಲಿಕ್ಕೆ ಜಾಗಾ ಸಿಗಂಗಿಲ್ಲ ಅನ್ನೂದು ಸುಳ್ಳಲ್ಲ. ಗ್ಯಾರೇಜಿನೊಳಗ ಕಾರು ಇಲ್ಲದಿದ್ರೂ ಅದರ ಮುಂದಿನ ಅಂಗಳದಾಗ ಏಳೆಂಟು ನಿಂದರ್ತಾವ. ಅದಕ್ಕ ಎಣಿಕಿ ಹಗಲ ಹೊತ್ತಿನ್ಯಾಗ ಮಾಡಬಾರದು, ಎಲ್ಲಾರೂ ಕೆಲಸಕ್ಕ ಹೋಗಿರ್ತಾರ. ಇದಕ್ಕ ಲ್ಯಾಂಬೆತ್ ಪದ್ಧತಿ ಅಂತ ಒಂದು ಅದ. ಲಂಡನ್ನಿನ ಥೇಮ್ಸ್ ದಂಡಿ ಮ್ಯಾಲೆ 2015ರೊಳಗ ನಮ್ಮ ಬಸವಣ್ಣನವರ ಮೂರ್ತಿ ನಿಲ್ಲಿಸಿದ್ರಲ್ಲ, ಅದ ಲ್ಯಾಂಬೆತ್. ವಾರದ ದಿನಾ ರಾತ್ರಿ 12:30ರಿಂದ 5:30ರ ಒಳಗ, ಎಲ್ಲಾರೂ ಮಲಗಿದಾಗ, ಸುತ್ತ 200 ಮೀಟರ್ ಹಾದಿಯೊಳಗ ಎಷ್ಟು ಗಾಡಿ ನಿಂತಾವ ಅಂತ ಎಣಿಸೂ ಪದ್ಧತಿ. ಹಂಗ ಎಣಿಸಲಿ, ಎಣಿಸಿದ್ದನ್ನ ನಮಗೂ ತೋರಸಲಿ. ಜಾಗಾ ಬೇಕೇ ಬೇಕು ಅಂದ್ರ ಬ್ರಿಸ್ಟಲ್ಲಿನ ಸೇಂಟ್ ಜಾರ್ಜ್‌ದಾಗ ಹೋಪ್ ರೈಸ್ ಅಂತ ಮಾಡ್ಯಾರ ನೋಡ್ರಿ. ಗಾಡಿ ನಿಲ್ಲೂ ಬಯಲಿನ ಮ್ಯಾಲೆ ಕಂಬಾ ಎಬ್ಬಿಸಿ 11 ಸಣ್ಣ ಮನಿ ಕೂಡ್ರಿಸ್ಯಾರ, ಕೆಳಗ ಗಾಡಿ ನಿಂದರ್ತಾವ, ಮ್ಯಾಲೆ ಮಂದಿ ಇರ್ತಾರ.

ಎರಡನೇದು, ಹಾದಿ. ಅಜ್ಜಿ ಸ್ಕೂಟರಿನ ಹಾದಿ ನಕಾಶೆಯೊಳಗ ಗೆರಿ ಹಾಕಿ ತೋರಸಬೇಕು. ಮಾತಿನ್ಯಾಗ ನೋಡೋಣು ಅಂದ್ರ ಆಗಂಗಿಲ್ಲ. ಕಸದ ಲಾರಿ, ಬೆಂಕಿ ಆರಸೋ ಗಾಡಿ ಎರಡೂ ಆ ಸಣ್ಣ ಓಣಿಯೊಳಗ ಹೆಂಗ ತಿರುಗ್ತಾವ ಅನ್ನೂದನ್ನೂ ಹೇಳಬೇಕು.

ಮೂರನೇದು, ಕಿಡಕಿ. ನಮ್ಮ ಹಿತ್ತಲ ಭಾಳ ಸಣ್ಣವು. ಅರಬಿ ಒಣ ಹಾಕೂ ಹೆಣಮಕ್ಕಳ ಮ್ಯಾಲೆ ನಾಲ್ಕು ಕಿಡಕಿ ಕಣ್ಣು ಬಿಟ್ಟು ಕೂತ್ರ ಇದ್ದವರಿಗೂ ತ್ರಾಸು, ಬರೋರಿಗೂ ತ್ರಾಸು. ಮಲಗೂ ಖೋಲಿ ಕಿಡಕಿ ಆ ಬಾಜು ತಿರುಗಿಸಬಹುದು.

ನಾಲ್ಕನೇದು, ಚಾವಣಿ. ಆಸ್ಬೆಸ್ಟಾಸ್ ತಗಡು ಒಡದು ಧೂಳು ಮಾಡಬಾರದು. ಬಲ್ಲವರು ಬಂದು, ಇಡಿಇಡಿಯಾಗಿ ಬಿಚ್ಚಿ ಒಯ್ಯಬೇಕು. ಯಾವ ದಿನಾ ಬಿಚ್ಚತಾರ ಅಂತ ಮೊದಲ ತಿಳಸಬೇಕು.

ಐದನೇದು ಎಲ್ಲಾಕಿಂತ ದೊಡ್ಡದು, ನಮ್ಮ ಓಣಿ ಹಾಳಿಯೊಳಗ ಅದನ್ನ ಯಾರೂ ಬರದಿದ್ದಿಲ್ಲ. ಬಾಡಿಗಿ ಎಷ್ಟು? ಪತ್ರದಾಗ ಅಫೋರ್ಡೆಬಲ್ ಅಂತ ಅದ. ಕೈಗೆ ಎಟಕೂವಂಥಾದ್ದು ಅಂತ ಅರ್ಥ. ಆದ್ರ 2011ರಿಂದ ಇಲ್ಲೆ ಅಫೋರ್ಡೆಬಲ್ ರೆಂಟ್ ಅನ್ನೂದು ಒಂದು ಸರಕಾರಿ ಲೆಕ್ಕ: ಪ್ಯಾಟಿ ಬಾಡಿಗಿಯ ನೂರಕ್ಕ 80ರ ತನಕ ತಗೋಬಹುದು. ಪ್ಯಾಟಿಯೊಳಗ 1000 ಪೌಂಡ್ ಇದ್ರ 800. ಆ ಮೊಮ್ಮಗಳಿಗೆ 1000ವೂ ಎಟಕೂದಿಲ್ಲ, 800ವೂ ಎಟಕೂದಿಲ್ಲ. ಇನ್ನೊಂದು ಸೋಶಿಯಲ್ ರೆಂಟ್ ಅಂತ ಅದ. ಅದರ ಲೆಕ್ಕದಾಗ ಆ ಭಾಗದ ಮಂದಿ ಗಳಿಕಿನೂ ಹಿಡೀತಾರ, ಸಾಮಾನ್ಯವಾಗಿ ಭಾಳ ಕಡಿಮಿ ಬೀಳ್ತದ. ಹೆಸರು ಕೇಳಿದ್ರ ಎರಡೂ ಅಕ್ಕ-ತಂಗಿ ಇದ್ದಂಗ, ರೊಕ್ಕಾ ಕೊಡಬೇಕಾದ್ರ ಗೊತ್ತಾಗ್ತದ. ನಾವು ಗ್ಯಾರೇಜ್ ಬಿಟ್ಟು ಕೊಡೋದು ಖರೇ ಬಡವರ ಸಲುವಾಗಿ ಇದ್ರ ಅದು ಸೋಶಿಯಲ್ ರೆಂಟ್ ಮನಿನ ಆಗಬೇಕು. ಓಣಿ ಮಂದಿ ಜಗಳಾ ಆಡೋದಿದ್ರ ಇದಕ್ಕ ಆಡಬೇಕು.

ಇನ್ನ ಹಳ್ಳು. ಮನಿ ಬೆಲಿ ಇಳೀತದ, ಕಿಡಕಿಯಿಂದ ಕಾಣೂ ನೋಟ ಹೋಗ್ತದ, ಇವೆರಡನ್ನೂ ಕೌನ್ಸಿಲ್ ಹಿಡಿಯೂದಿಲ್ಲ. ಇಲ್ಲಿನ ಕಟ್ಟಡ ಪರವಾನಿಗಿ ಕಾಯ್ದೆಯೊಳಗ ಅವಕ್ಕ ಕಿಮ್ಮತ್ತಿಲ್ಲ. ಬೆಳಕು, ಮರಿ, ಹಾದಿ, ಗಾಡಿ, ಇವಕ್ಕ ಅದ. ಅದಕ್ಕ ಹಳ್ಳು ತುಂಬಿದ ಹಾಳಿ ಕಳಿಸಿದ್ರ ಅಕ್ಕಿಯೂ ಹಳ್ಳಿನ ಜೋಡಿ ಹೋಗ್ತದ ಅನ್ನೂದು ನನ್ನ ಹೆದರಿಕಿ.

ಕಡೀ ಹಳ್ಳು, "ಎಂಥಾ ಮಂದಿ ಬರ್ತಾರೋ". ನಾವು ಈ ಓಣಿಗೆ ಬಂದು ನಾಲ್ಕು ವರ್ಷ ಆದ ಮ್ಯಾಲೆ, ಒಂದಿನ ಚಹಾ ಕುಡಿಯೂ ಹೊತ್ತಿನ್ಯಾಗ ಅಜ್ಜಿ ಗಂಡ ನಕ್ಕೋತ ಹೇಳಿದ್ರು: ನೀವು ಬರ್ತೀರಿ ಅಂತ ಗೊತ್ತಾದಾಗ ಓಣಿಯೊಳಗ ಇದ ಮಾತಾಗಿತ್ತು ಅಂತ. ಒಗ್ಗರಣಿ ವಾಸನಿ ಬರ್ತದ, ಒಂದ ಮನಿಯೊಳಗ ಹತ್ತು ಮಂದಿ ತುಂಬ್ತಾರ, ಮನಿ ಬೆಲಿ ಇಳೀತದ ಅಂತ. ಒಗ್ಗರಣಿ ವಾಸನಿ ಅಂತೂ ಬಂತು, ಅದನ್ನ ಒಪ್ಕೋತೀನಿ. ನಾನೂ ನಕ್ಕೆ ಆವತ್ತು. ಈ ಸರ್ತಿ ಹಾಳಿ ಮ್ಯಾಲೆ ಅದ ಸಾಲು ಓದಿ, ಕೆಳಗ ಸಹಿ ಹಾಕಿದಾಕಿ ನಾನ. ಒಂದು ಕಾಲಕ್ಕ "ಎಂಥಾ ಮಂದಿ" ಆಗಿದ್ದಾಕಿ. ಮತ್ತ ಆ ಸಾಲಿನ್ಯಾಗ ಹೇಳಿದ ಮಂದಿ ಯಾರು? ಹಲ್ಲಿನ ಬ್ರಶ್ ಬಾಜು ಡಬ್ಬಿ ತೊಳದು ಕೊಟ್ಟಾಕಿ.

ಈಗ ನಾ ಏನು ಮಾಡಿದೆ ಅಂತ ಹೇಳ್ತೀನಿ. ಎದರ ಮನಿಗೆ ಹೋಗಿ, ನನ್ನ ಹೆಸರು ಹೊಡದು ಹಾಕ್ರಿ ಅಂದೆ. ಅವರ ಮುಖಾ ಸಣ್ಣದಾತು. ಮೂರು ದಿನಾ ಕೈ ಮಾಡಲಿಲ್ಲ, ನಾಲ್ಕನೇ ದಿನಾ ಕಸದ ಡಬ್ಬಿ ಇಡಬೇಕಾದ್ರ ಗುಡ್ ಮಾರ್ನಿಂಗ್ ಅಂದ್ರು. ಅವರು ಕೆಟ್ಟವರಲ್ರಿ. ಕಾರು ಒಳಗ ಇಡೂ ಇಬ್ಬರ ಪೈಕಿ ಅವರೊಬ್ಬರು, ಅವರದು ಖರೇ ನುಕಸಾನ. ಅವರಿಗೆ ಹತ್ತಿರದಾಗ ಇನ್ನೊಂದು ಗ್ಯಾರೇಜ್ ಕೊಡ್ರಿ ಅಂತಾನೂ ನಾ ಬರದೀನಿ.

ಪಿಯುಸಿ ಇಂಗ್ಲೀಷಿನ್ಯಾಗ ಕೌನ್ಸಿಲ್‌ಗೆ ಎರಡು ಪುಟ ಬರದೆ, ಮಗಳು ಕಾಗುಣಿತಾ ತಿದ್ದಿದ್ಲು. ಮನಿ ಕಟ್ರಿ, ಆದ್ರ ಈ ಐದು ಮಾಡ್ರಿ ಅಂತ. ಮುಂದ ಪರವಾನಿಗಿ ಅರ್ಜಿ ಬಂದಾಗ ನೋಟೀಸ್ ಹಚ್ಚತಾರ, 21 ದಿನಾ ಯಾರಾದರೂ ಬರೀಬಹುದು. ಇಲ್ಲೆ ಇರೋ ನಮ್ಮ ಕನ್ನಡದ ಹೆಣಮಕ್ಕಳಿಗೆ ಹೇಳೂದು ಇಷ್ಟ: ಇಂಥಾ ಪತ್ರಾ ನಿಮ್ಮ ಮನಿಗೂ ಬಂದೀತು. ಭಾಷಾ ಬರಂಗಿಲ್ಲ, ನಮಗ್ಯಾಕ ಉಸಾಬರಿ ಅಂತ ಸುಮ್ಮನ ಕೂಡಬ್ಯಾಡ್ರಿ, ಯಾರೋ ತಂದ ಹಾಳಿಗೆ ನನ್ನಂಗ ಸಹಿನೂ ಹಾಕಬ್ಯಾಡ್ರಿ. ಮೊದಲ ಗ್ಯಾರೇಜಿನ ಬಾಗಲಾ ಎತ್ತಿ ನೋಡ್ರಿ.

ನಮ್ಮ 11ನೇ ಗ್ಯಾರೇಜ್ ಈಗ ಅರ್ಧಾ ಖಾಲಿ ಆಗ್ಯದ. ಟಿವಿ, ಸೂಟ್‌ಕೇಸು ಕಸಕ್ಕ ಹೋದ್ವು. ಸೈಕಲ್ ಗಾಲಿಗೆ ನಮ್ಮನ್ಯಾವರು ಎಣ್ಣಿ ಹಾಕಿ ಹೊಸಾ ಟ್ಯೂಬ್ ಹಾಕ್ಯಾರ, ಶನಿವಾರ ಆ ಹೋಟೆಲ್ಲಿಗೆ ಒಯ್ಯೋದದ. ಇಡಲಿಕ್ಕೆ ಅಲ್ಲೆ ಜಾಗಾ ಅದ ಏನು ಅಂತ ಫೋನ್ ಮಾಡಿ ಕೇಳಬೇಕು. ಶ್ಯಾವಿಗಿ ಒತ್ತು ಅಡಗಿಮನಿಗೆ ಬಂತು. ಹುಣಸಿಹಣ್ಣು ಹಚ್ಚಿ ತಿಕ್ಕಿದೆ, ಇನ್ನೂ ಕೆಲಸಾ ಮಾಡ್ತದ.